‘ಬರ್ತೀವಿ’ ಅಂದ ಅಂಬಿಗಿತ್ತಿ

ಉಪ್ಪು ನೀರಿನ ಈಚೆ ದಡದಲ್ಲಿ ಒಂದು ಊರು. ಆ ಊರಿನಲ್ಲಿ ‘ಹೋಗು’ ಎಂಬ ಪದ ಇರಲಿಲ್ಲ. ಅದರ ದಾಯಾದಿಗಳಾದ ಹೊರಡು, ತೆರಳು, ತೊಲಗು, ಅವೂ ಇರಲಿಲ್ಲ. ಹಿಂದೆ ಯಾವನೋ ಮೀನುಗಾರ ‘ಹೋಗ್ತೀನಿ’ ಅಂತ ಹೇಳಿ ದೋಣಿ ಹತ್ತಿದನಂತೆ. ಹೇಳಿದ ಮಾತಿಗೆ ತಪ್ಪದೆ ಹೋಗಿಯೇಬಿಟ್ಟನಂತೆ. ಮೂರು ಹುಣ್ಣಿಮೆ ಕಾದ ಊರಿನವರು ಆ ಪದವನ್ನು ಒಂದು ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಸಮುದ್ರಕ್ಕೆ ಬಿಟ್ಟರು. ಅಲ್ಲಿಂದೀಚೆಗೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ಪದ: ಬಾ. ಈ ಕಥೆ ಹೇಳುವ ನಾಲಿಗೆ ಆ ಊರಿನದಲ್ಲ. ಆ ಪದ ನಡುನಡುವೆ ನುಸುಳಿದರೆ ಮನ್ನಿಸಬೇಕು.

ಕಷ್ಟ ಇರಲಿಲ್ಲವೇ? ಇತ್ತು. ಅಡುಗೆಮನೆಗೆ ನುಗ್ಗಿದ ನಾಯಿಯನ್ನು ಓಡಿಸಲು ‘ಬಾರೋ, ಬಾ’ ಎಂದು ಗದರುತ್ತಿದ್ದರು. ನಾಯಿ ಬಾಲ ಅಲ್ಲಾಡಿಸುತ್ತ ಇನ್ನೂ ಒಳಗೆ ಬರುತ್ತಿತ್ತು. ದೀಪ ಆರಿದರೆ ‘ದೀಪ ಬಂತು, ದೀಪ ಬಂತು’ ಎಂದು ಕತ್ತಲಲ್ಲಿ ತಡಕಾಡುತ್ತಿದ್ದರು. ಮುದುಕರು ತೀರಿಕೊಂಡರೆ ‘ಅಜ್ಜ ಬಂದುಬಿಟ್ಟರು’ ಎಂದು ಎದೆ ಬಡಿದುಕೊಂಡು ಅಳುತ್ತಿದ್ದರು. ಪರಸ್ಥಳದ ನೆಂಟರು ‘ಬಂದರೆ ಸಂತೋಷ ಅಲ್ಲವೇ, ಅಳೋದ್ಯಾಕೆ?’ ಎಂದು ಕೇಳಿ ಬೈಸಿಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ಅದೊಂದು ಅಭ್ಯಾಸ ಎನ್ನಬಹುದಿತ್ತು. ಆದರೆ ಅದರ ಜೊತೆಗೆ ಒಂದು ಕಟ್ಟಳೆಯೂ ಇತ್ತು. ಊರ ಬಾಗಿಲು ದಾಟುವವರು ‘ಬರ್ತೀನಿ’ ಅನ್ನಬೇಕು. ಅಂದ ಮೇಲೆ ಬರಬೇಕು. ಅಂದಂತೆಯೇ ಬರಬೇಕು.

ಬಾಗಿಲಲ್ಲಿ ದೊಡ್ಡಮ್ಮ ಕೂತಿರುತ್ತಿದ್ದಳು. ಅವಳು ಯಾರ ದೊಡ್ಡಮ್ಮ ಎಂದು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ದೊಡ್ಡಮ್ಮ. ಆಚೆ ಕಾಲಿಡುವವರಿಗೆ ಒಂದು ತಂಬಿಗೆ ನೀರು ಕುಡಿಸಿ, “ಏನಂದೆ?” ಅನ್ನುತ್ತಿದ್ದಳು. ಮರಳಿ ಬಂದವರನ್ನು ನಿಲ್ಲಿಸಿ, “ಏನಂದಿದ್ದೆ?” ಅನ್ನುತ್ತಿದ್ದಳು. ಮಾತು ಹೊಂದಿದರೆ ಓಕುಳಿ ನೀರು ನಿವಾಳಿಸಿ ಬಾಗಿಲು ತೆಗೆಯುತ್ತಿದ್ದಳು. ಹೊಂದದಿದ್ದರೆ ಇಲ್ಲ. ಒಮ್ಮೆ ದರ್ಜಿಯವನು ‘ನಾಳೆ ಬರ್ತೀನಿ’ ಅಂದು, ದರ್ಜಿಯಾದ್ದರಿಂದ, ನಾಡಿದ್ದು ಬಂದ. ದೊಡ್ಡಮ್ಮ ಬಾಗಿಲು ತೆಗೆಯಲಿಲ್ಲ. ಅವನು ಹೊರಗೆ ಕೂತು ಒಂಬತ್ತು ದಿನ ಗೋಡೆಯ ಮೇಲಿಂದ ಜನರ ಅಳತೆ ತೆಗೆದು, ಬಟ್ಟೆ ಹೊಲಿದು, ಎಸೆದು ಬದುಕಿದ. ಹತ್ತನೆಯ ದಿನ, “ದೊಡ್ಡಮ್ಮ, ಇವತ್ತು ನಿನ್ನೆಯ ನಾಳೆ ಅಲ್ಲವಾ?” ಅಂದ. ದೊಡ್ಡಮ್ಮ ಬಹಳ ಹೊತ್ತು ಯೋಚಿಸಿ ಅಗಳಿ ಸರಿಸಿದಳು. ಊರಿನ ನ್ಯಾಯ ಅಷ್ಟು ಗಟ್ಟಿ, ಅಷ್ಟು ಮೆತ್ತಗೆ.

ಹೀಗಿರುವಾಗ ಉಪ್ಪು ನೀರಿನ ಆಚೆ ದಡದಲ್ಲಿ ಯುದ್ಧ ಹತ್ತಿಕೊಂಡಿತು. ಇಬ್ಬರು ರಾಜರು. ಒಬ್ಬ ರಾಜ ಹೊರಟಿದ್ದಾಗ ಇನ್ನೊಬ್ಬ ರಾಜ ಸೀನಿದನಂತೆ. ‘ಬೇಕೆಂದೇ ಸೀನಿದ’ ಎಂದು ಇವನು, ‘ಬಂದ ಸೀನನ್ನು ಯಾರು ತಡೆಯುತ್ತಾರೆ’ ಎಂದು ಅವನು. ಏಳು ವರ್ಷದಿಂದ ನಡೆದಿತ್ತು. ಹೊರಟಿದ್ದ ರಾಜ ಈಚೆ ದಡದ ಊರಿಗೂ ರಾಜನೇ ಆದ್ದರಿಂದ, ‘ವಿಮಾನ ಮಾಡಿ ಕಳಿಸಿ’ ಎಂದು ಅಪ್ಪಣೆ ಬಂತು. ಅಪ್ಪಣೆಯ ಹಿಂದೆ ಬಿಳಿ ಷರಾಯಿ ತೊಟ್ಟು, ಹಸಿರು ಬಾವುಟ ಹಿಡಿದು, ಕಳಿಸುವ ಸಾಹೇಬರು ಬಂದಿಳಿದರು.

ವಿಮಾನಕ್ಕೆ ಲೋಹ ಬೇಕು. ಮನೆಮನೆಯಿಂದ ಹಂಡೆ, ಕೊಳದಪ್ಪಲೆ, ತಪ್ಪಲೆ, ತಟ್ಟೆ ಬಂದವು. ಬಡಿದು, ತಟ್ಟಿ, ಜೋಡಿಸಿ ವಿಮಾನ ಮಾಡಿದರು. ಆದ್ದರಿಂದ ಆ ವಿಮಾನಗಳ ರೆಕ್ಕೆಯ ಮೇಲೆ ‘ಗೃಹಪ್ರವೇಶದ ನೆನಪಿಗೆ’ ಎಂದೂ ಬಾಲದ ಮೇಲೆ ‘ಸೋದರಮಾವನ ಉಡುಗೊರೆ’ ಎಂದೂ ಚುಕ್ಕಿ ಹೊಡೆದ ಅಕ್ಷರಗಳಿರುತ್ತಿದ್ದವು. ಬಿಸಿಲಿಗೆ ಕಾದರೆ ಸಾರಿನ ವಾಸನೆ ಬರುತ್ತಿತ್ತು.

ಹಾರಿಸಿಕೊಂಡು ಆಚೆ ದಡಕ್ಕೆ ಮುಟ್ಟಿಸಲು ಯಾರು? ಊರಿನಲ್ಲಿ ಅಂಬಿಗರ ಕೇರಿ ಇತ್ತು. ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ ಮನೆತನಗಳು. ನೀರು ದಾಟಿಸುವವರಿಗೆ ಗಾಳಿ ಏನು ಮಹಾ ಎಂದು ಅವರಿಗೇ ಆ ಕೆಲಸ ಬಂತು. ಅವರಲ್ಲಿ ಒಬ್ಬಳು ನಮ್ಮ ಅಂಬಿಗಿತ್ತಿ. ನಲವತ್ತರ ಹೆಂಗಸು, ದೊಡ್ಡ ಗಂಟಲು, ದೊಡ್ಡ ಹಸಿವು, ಯಾವ ಗಾಳಿಗೂ ಕಣ್ಣು ಮುಚ್ಚದವಳು. ಹನ್ನೊಂದು ತಾಸು ಉಪ್ಪು ಗಾಳಿ, ಹನ್ನೊಂದು ತಾಸು ಕೆಳಗೆ ಉಪ್ಪು ನೀರು. ಏಳನೆಯ ತಾಸಿಗೆ ಕಿಟಕಿಯಿಂದ ಒಂದು ಚಿಟಿಕೆ ಉಪ್ಪು ಉದುರಿಸುವುದು. ಸಮುದ್ರಕ್ಕೆ ಉಪ್ಪು ಕೊಟ್ಟರೆ ಅದಕ್ಕೆ ನಗು ಬರುತ್ತದೆ, ನಗುವ ಸಮುದ್ರ ನುಂಗುವುದಿಲ್ಲ ಎಂದು ಅಂಬಿಗರ ನಂಬಿಕೆ. ಆಚೆ ಇಳಿದು ವಿಮಾನ ಒಪ್ಪಿಸುವುದು. ಒಂದು ಲೋಟ ಮಜ್ಜಿಗೆ ಕುಡಿಯುವುದು. ಗಳಿಗೆಯೊಳಗೆ ಬಂದರಿಗೆ ಓಡಿ ಹಡಗು ಹತ್ತುವುದು. ಹತ್ತೊಂಬತ್ತು ದಿನ ಈರುಳ್ಳಿ ಮೂಟೆಗಳ ಮೇಲೆ ಕೂತು ಊರಿಗೆ ಮರಳುವುದು. ವಿಮಾನ ಅಲ್ಲಿ, ತಾನು ಇಲ್ಲಿ. ಹೀಗೆ ಮೂವತ್ತಮೂರು ಸಲ ದಾಟಿದ್ದಳು. ಮೂವತ್ತಮೂರು ಸಲವೂ ‘ಬರ್ತೀನಿ’ ಅಂದಿದ್ದಳು, ಬಂದಿದ್ದಳು.

ಕಷ್ಟವೆಲ್ಲ ಕಳಿಸುವ ಸಾಹೇಬರದು. ‘ಹೋಗಿ’ ಅನ್ನುವಂತಿಲ್ಲ. ಬಾವುಟ ಬೀಸಿ, “ಬನ್ನಿ!” ಎಂದು ಕೂಗುತ್ತಿದ್ದರು. ಅಂಬಿಗರು ವಿಮಾನದಿಂದ ಇಳಿದು ಅವರ ಹತ್ತಿರ ಬರುತ್ತಿದ್ದರು.

“ಕರೆದಿರಾ?”

“ಕರೀಲಿಲ್ಲ. ಬನ್ನಿ ಅಂದೆ!”

“ಅದಕ್ಕೇ ಬಂದೆ.”

ಒಂದೊಂದು ವಿಮಾನ ನೆಲ ಬಿಡಲು ಅರ್ಧ ದಿನ ಹಿಡಿಯುತ್ತಿತ್ತು.

ಅವಳ ಪಾಲಿನ ಮೂವತ್ತನಾಲ್ಕನೆಯ ವಿಮಾನ ಸಿದ್ಧವಾದಾಗ ಊರಿನಲ್ಲಿ ಒಳ್ಳೆಯ ಪಾತ್ರೆಗಳು ಮುಗಿದಿದ್ದವು. ಎಡ ರೆಕ್ಕೆಗೆ ಸ್ನಾನದ ಹಂಡೆ, ಬಲ ರೆಕ್ಕೆಗೆ ತಿಂಡಿ ತಟ್ಟೆಗಳು. ನಿಂತಲ್ಲೇ ಎಡಕ್ಕೆ ವಾಲುತ್ತಿತ್ತು, ಯಾರದೋ ಗುಟ್ಟು ಕೇಳಿಸಿಕೊಳ್ಳುವ ನೆರೆಮನೆಯವಳ ಹಾಗೆ. ಎಂಜಿನ್ ಚಾಲೂ ಮಾಡಿದರೆ ಕೆಮ್ಮಿ, ಗೊಣಗಿ, ಆಮೇಲೆ ಒಪ್ಪಿಕೊಳ್ಳುತ್ತಿತ್ತು. ಅಂಬಿಗಿತ್ತಿಗೆ ಅದನ್ನು ನೋಡಿದ ಕೂಡಲೇ ಒಂಥರಾ ಕರುಳು ಚುರಕ್ ಎಂದಿತು. ಮೊಸರವಲಕ್ಕಿ ತಿನ್ನುತ್ತಲೇ ಅದರ ಮೂತಿ ಸವರಿ, ದೂಳು ಒರೆಸಿ, ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡು ಬಾಗಿಲಿಗೆ ಬಂದಳು. ತಂಬಿಗೆ ನೀರು ಕುಡಿದಳು.

“ಏನಂದೆ?” ಅಂದಳು ದೊಡ್ಡಮ್ಮ.

“ಬರ್ತೀವಿ.”

ಬಾಗಿಲ ಬಳಿ ನೆರೆದಿದ್ದ ಜನರೆಲ್ಲ ತಿರುಗಿ ನೋಡಿದರು. ಸಾಹೇಬರ ಕೈಯಿಂದ ಬಾವುಟ ಜಾರಿತು.

“ನಿ ಅಂದೆಯಾ, ವಿ ಅಂದೆಯಾ?” ದೊಡ್ಡಮ್ಮ ಮೆಲ್ಲಗೆ ಕೇಳಿದಳು.

ಅಂಬಿಗಿತ್ತಿ ಅವಲಕ್ಕಿ ನುಂಗಿದಳು. ಸುಳ್ಳು ಹೇಳಬಹುದಿತ್ತು. ಆದರೆ ಆ ಮಾತು ಅವಲಕ್ಕಿಯ ತಪ್ಪಲ್ಲ, ತನ್ನ ಒಳಗಿನಿಂದಲೇ ಬಂದದ್ದು ಎಂದು ಅವಳಿಗೆ ಗೊತ್ತಿತ್ತು. “ವಿ ಅಂದೆ ದೊಡ್ಡಮ್ಮ.”

“ಅಂದ್ರೆ ನೀನೂ, ಅದೂ?”

“ಹೂಂ. ನಾನೂ, ಅದೂ.”

ಸಾಹೇಬರು ಹೌಹಾರಿದರು. “ವಿಮಾನ ವಾಪಸ್ ಬರೋ ಹಾಗಿಲ್ಲ! ಅದು ಯುದ್ಧಕ್ಕೆ! ಮೇಷ್ಟರನ್ನ ಕರೆಸಿ!” ಶಾಲೆಯ ಮೇಷ್ಟರು ವ್ಯಾಕರಣದ ಪುಸ್ತಕ ಸಮೇತ ಬಂದರು. ಸಾಹೇಬರು ಅವರ ಕಿವಿಯಲ್ಲಿ, “ವಿ ಅನ್ನೋದು ಗೌರವದ ಬಹುವಚನ ಅಂತ ಹೇಳಿಬಿಡಿ. ಒಬ್ಬಳೇ ಆದರೂ ಮರ್ಯಾದೆಗೆ ಬರ್ತೀವಿ ಅಂದಳು ಅಂತ,” ಎಂದು ಬೇಡಿಕೊಂಡರು.

ಮೇಷ್ಟರು ಅಂಬಿಗಿತ್ತಿಯನ್ನು ಮೇಲಿಂದ ಕೆಳಗೆ ನೋಡಿದರು. “ರಾಜರು ತಮಗೆ ತಾವೇ ಬಹುವಚನ ಹಾಕಿಕೊಳ್ಳಬಹುದು. ಇವಳು ನನ್ನ ಶಿಷ್ಯೆ. ಎರಡನೇ ಕ್ಲಾಸಲ್ಲಿ ಎರಡು ವರ್ಷ ಕೂತವಳು. ಇವಳಿಗೆ ಆ ಯೋಗ್ಯತೆ ಇಲ್ಲ.”

ಜನ ಗೊಳ್ಳೆಂದು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. “ಅಂದದ್ದು ಅಂದಾಯ್ತು. ಮಗಳೇ, ಒಬ್ಬಳೇ ಬಂದರೆ ನಾನು ಬಾಗಿಲು ತೆಗೆಯೋಕೆ ಆಗಲ್ಲ. ದರ್ಜಿಗಾದರೂ ಒಂದು ಉಪಾಯ ಇತ್ತು. ಎರಡನ್ನ ಒಂದು ಮಾಡೋ ಉಪಾಯ ಯಾರ ಹತ್ತಿರವೂ ಇಲ್ಲ.”

“ಗೊತ್ತು ದೊಡ್ಡಮ್ಮ,” ಅಂದಳು ಅಂಬಿಗಿತ್ತಿ. ಗಂಟಲು ದೊಡ್ಡದಾದರೂ ಆ ಮಾತು ಸಣ್ಣಗೆ ಬಂತು.

ಹಾರಿದಳು. ಹನ್ನೊಂದು ತಾಸು ಉಪ್ಪು ಗಾಳಿ, ಹನ್ನೊಂದು ತಾಸು ಕೆಳಗೆ ಉಪ್ಪು ನೀರು. ವಿಮಾನ ಎಡಕ್ಕೆ ವಾಲುತ್ತಿತ್ತು. ಅವಳು ಬಲಕ್ಕೆ ವಾಲಿ ಕೂತಳು. ವಿಮಾನ ಗೊಣಗುತ್ತಿತ್ತು; ಅವಳೂ ಗೊಣಗಿದಳು. “ನಿನಗೇನು, ಬಾಯಿಲ್ಲ. ಬಾಯಿರೋದು ನನಗೆ, ಅದಕ್ಕೇ ಈ ಪಾಡು.” ಏಳನೆಯ ತಾಸಿಗೆ ಒಂದು ಚಿಟಿಕೆ ಉಪ್ಪು ಉದುರಿಸಿದಳು. ಆಮೇಲೆ ಯೋಚಿಸಿ, ವಿಮಾನದ ಪಾಲಿಂದು ಎಂದು ಇನ್ನೊಂದು ಚಿಟಿಕೆ ಉದುರಿಸಿದಳು.

ಆಚೆ ದಡದಲ್ಲಿ ಇಸ್ಕೊಳ್ಳುವ ಸಾಹೇಬರು ನಿಂತಿದ್ದರು. ತೆಳ್ಳಗಿನ, ಬೋಳುತಲೆಯ ಮನುಷ್ಯ. ಮೀಸೆ ಒಂದು ಬಿಟ್ಟರೆ ಮುಖದಲ್ಲಿ ಬೇರೇನೂ ಅಲ್ಲಾಡುತ್ತಿರಲಿಲ್ಲ. “ಇಸ್ಕೊಂಡೆ. ಮಜ್ಜಿಗೆ ಅಲ್ಲಿದೆ. ಹೋಗಿ,” ಅಂದರು.

ಆ ದಡದಲ್ಲಿ ಎಲ್ಲರೂ ಆ ಪದವನ್ನು ಧಾರಾಳವಾಗಿ ಆಡುತ್ತಿದ್ದರು. ಅಂಬಿಗಿತ್ತಿ ಪ್ರತಿಸಲ ಕಿವಿ ಮುಚ್ಚಿಕೊಂಡು ಹಡಗಿಗೆ ಓಡುತ್ತಿದ್ದಳು. ಈ ಸಲ ಓಡಲಿಲ್ಲ. ಮಜ್ಜಿಗೆ ಕುಡಿದು, ವಿಮಾನದ ಹಂಡೆ ರೆಕ್ಕೆಯ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ಹಡಗು ತಪ್ಪುತ್ತೆ, ತಾಯಿ.”

“ತಪ್ಪಲಿ ಸಾಹೇಬರೇ. ಇದನ್ನ ವಾಪಸ್ ಕರಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದೀನಿ. ಕೊಟ್ಟುಬಿಡಿ.”

“ಯುದ್ಧ ನಡೀತಿದೆ!”

“ಮುಗಿದ ಮೇಲೆ ಕೊಡಿ. ಕಾಯ್ತೀನಿ. ಯಾವಾಗ ಮುಗಿಯುತ್ತೆ?”

“ಗೆದ್ದ ಮೇಲೆ.”

“ಯಾವಾಗ ಗೆಲ್ತೀರಿ?”

“ಮುಗಿದ ಮೇಲೆ.”

ಸಾಹೇಬರಿಗೇ ತಾವು ಹೇಳಿದ್ದು ಸರಿ ಕೇಳಿಸಲಿಲ್ಲ. ಮೀಸೆ ತಿರುವಿ ಒಳಗೆ ನಡೆದರು.

ಸಂಜೆಯಾಯಿತು. ಮೈದಾನದ ಮಧ್ಯೆ ಒಂದು ಕಟ್ಟೆ. ಸಾಹೇಬರು ಕಟ್ಟೆ ಹತ್ತಿ ಹೆಸರು ಕೂಗತೊಡಗಿದರು. ಬೆಳಿಗ್ಗೆ ಯುದ್ಧಕ್ಕೆ ಹಾರಿದ್ದ ಕಾದಾಳುಗಳ ಹೆಸರು. ಹೆಸರು ಕೂಗಿದರೆ ‘ಇದೀನಿ’ ಎಂದು ಒಂದು ದನಿ. ಇನ್ನೊಂದು ಹೆಸರು, ‘ಇದೀನಿ.’ ಮತ್ತೊಂದು ಹೆಸರು, ಗಾಳಿ. ಸಾಹೇಬರು ಒಂದು ಕ್ಷಣ ಕಾದು, “ಹೋದ,” ಅಂದರು. ಊಟಕ್ಕೆ ಕೂತವನು ಉಪ್ಪು ಕೇಳುವ ದನಿಯಲ್ಲಿ. ಮತ್ತೊಂದು ಹೆಸರು. “ಹೋದ.” ಅವತ್ತು ಐದು ಸಲ ಅಂದರು.

ಅಂಬಿಗಿತ್ತಿ ಕಿವಿ ಮುಚ್ಚಿಕೊಳ್ಳುವುದನ್ನು ಮರೆತಳು. ಮೂವತ್ತಮೂರು ಸಲ ಇಲ್ಲಿ ಇಳಿದಿದ್ದಳು. ಒಂದು ಸಲವೂ ಸಂಜೆಯವರೆಗೆ ನಿಂತಿರಲಿಲ್ಲ. ತಾನು ತಂದ ವಿಮಾನಗಳು ಎಲ್ಲಿ ಎಂದು ಮೈದಾನದ ಉದ್ದಕ್ಕೂ ನೋಡಿದಳು. ಸಾರಿನ ವಾಸನೆಯ ವಿಮಾನಗಳು ಎಂಟು ಇದ್ದವು. ಉಳಿದವು ಯಾವ ಸಂಜೆ ಯಾರ ಹೆಸರಿನ ಜೊತೆ ಇಲ್ಲವಾದವೋ. ಆ ಹೊತ್ತು ಅವಳಿಗೆ ಹಸಿವಾಗಲಿಲ್ಲ. ಹುಟ್ಟಿದ ಮೇಲೆ ಅದೇ ಮೊದಲು.

ಮಾರನೆಯ ಬೆಳಿಗ್ಗೆ ಎಡವಾಲು ವಿಮಾನವನ್ನು ಹಾರಿಸಲು ನೇಮಕವಾದ ಕಾದಾಳು ಬಂದ. ದಪ್ಪಗೆ, ದುಂಡಗೆ, ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದವನನ್ನು ಕರೆತಂದು ಕಾದಾಳು ಮಾಡಿದ್ದರು. ರೆಕ್ಕೆಯ ಕೆಳಗೆ ಕೂತವಳನ್ನು ಕಂಡು, “ಅಕ್ಕಾ, ಸ್ವಲ್ಪ ಸರೀತೀರಾ? ನಾನು ಹೋಗಬೇಕು,” ಅಂದ.

“ಹಾಗನ್ನಬೇಡಪ್ಪ!” ಅಂಬಿಗಿತ್ತಿ ಎದ್ದೇಬಿಟ್ಟಳು. “ಬಾಯಿ ತೊಳಕೊ ಮೊದಲು.” ತನ್ನ ಊರಿನ ಕಟ್ಟಳೆ, ದೊಡ್ಡಮ್ಮ, ನಿ ಮತ್ತು ವಿ, ಎಲ್ಲ ಹೇಳಿದಳು.

ಕಾದಾಳು ಬಾಯಿ ಬಿಟ್ಟುಕೊಂಡು ಕೇಳಿದ. “ಬರ್ತೀನಿ ಅಂದ್ರೆ ಬರಲೇಬೇಕಾ?”

“ಬರಲೇಬೇಕು.”

“ಯುದ್ಧ ಅರ್ಧಕ್ಕೆ ಇದ್ರೂ?”

“ಅರ್ಧ ಅಲ್ಲ, ಕಾಲಿಗಿದ್ರೂ. ಮಾತು ದೊಡ್ಡದಾ ಯುದ್ಧ ದೊಡ್ಡದಾ?”

ಇಂಥ ಸುಲಭದ ಲೆಕ್ಕ ಏಳು ವರ್ಷದಿಂದ ಯಾರೂ ಹೇಳಿಕೊಟ್ಟಿರಲಿಲ್ಲ. “ನನಗೆ ಇಲ್ಲಿ ಹಾಗೆ ಹೇಳಿ ಬರೋಕೆ ಯಾರೂ ಇಲ್ಲಕ್ಕಾ,” ಅಂದ. “ನಿಮಗೇ ಹೇಳಲಾ?”

“ಹೇಳು. ಆದ್ರೆ ನಿ ಅನ್ನಬೇಡ. ಇದೂ ಬರಬೇಕು, ನನ್ನ ತಲೆ ಮೇಲಿದೆ. ವಿ ಅನ್ನು.”

ಅವಳು ಲೋಟದಲ್ಲಿ ನೀರು ತಂದು ಕುಡಿಸಿದಳು. “ಏನಂದೆ?”

“ಬರ್ತೀವಿ ಅಕ್ಕಾ.”

ದೂರದಲ್ಲಿ ಸಾಹೇಬರು, “ಹೋಗಿ!” ಎಂದು ಕೂಗಿದರು. ವಿಮಾನ ಕೆಮ್ಮಿ, ಗೊಣಗಿ, ಒಪ್ಪಿಕೊಂಡು ಹಾರಿತು. ಅದರ ಗುಣ ಎಡಕ್ಕೆ. ಕಾದಾಳು ಅಂಬಿಗಿತ್ತಿಯ ಹಾಗೆ ಬಲಕ್ಕೆ ವಾಲಿ ಕೂತಿದ್ದರೆ ನೆಟ್ಟಗೆ ಯುದ್ಧದೊಳಗೆ ಇಳಿಯುತ್ತಿದ್ದ. ವಾಲಬೇಕೆಂದು ಅವನಿಗೆ ಗೊತ್ತಿರಲಿಲ್ಲ. ವಿಮಾನ ಎಡಕ್ಕೆ, ಎಡಕ್ಕೆ, ಎಡಕ್ಕೆ ತಿರುಗಿ, ಒಂದು ದೊಡ್ಡ ಬಳೆಯಷ್ಟು ಆಕಾಶ ಸುತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೊರಟಲ್ಲಿಗೇ ಬಂದು ಇಳಿಯಿತು. ಸಂಜೆ ಕಟ್ಟೆಯ ಮೇಲಿಂದ ಸಾಹೇಬರು ಅವನ ಹೆಸರು ಕೂಗುವ ಮೊದಲೇ, “ಇದೀವಿ!” ಎಂದು ಚೀರಿದ.

ಅವತ್ತು ಬೇರೆ ಮೂವರು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಬಿಗಿತ್ತಿ ಕಣ್ಣುಜ್ಜಿಕೊಂಡು ನೋಡಿದರೆ ಮುಂದೆ ಸಾಲು. ಹದಿನೆಂಟು ಮಂದಿ ಕಾದಾಳುಗಳು, ಒಬ್ಬರ ಹಿಂದೆ ಒಬ್ಬರು, ಕೈಯಲ್ಲಿ ಅವರವರ ಲೋಟ. “ಅಕ್ಕಾ, ನಮಗೂ ನೀರು ಕೊಡಿ.” ಒಬ್ಬೊಬ್ಬರಿಗೂ ಕುಡಿಸಿದಳು, ಒಬ್ಬೊಬ್ಬರನ್ನೂ ಕೇಳಿದಳು, ಒಬ್ಬೊಬ್ಬರೂ ಅಂದರು.

ಮಾತು ಆಡಿದವನ ನಡತೆಯೇ ಬೇರೆ. ಹಿಂದೆ ಮೋಡ ಕಂಡರೆ ಹಲ್ಲು ಕಚ್ಚಿ ನುಗ್ಗುತ್ತಿದ್ದವನು ಈಗ, ‘ಅಯ್ಯೋ, ಅಕ್ಕನಿಗೆ ಅಂದುಬಿಟ್ಟಿದೀನಲ್ಲ’ ಎಂದು ಹಿಂದಿರುಗಿದ. ಎಂಜಿನ್ನಿನಲ್ಲಿ ಕಟಕಟ ಕೇಳಿದವನು ಹಿಂದಿರುಗಿದ. ಶತ್ರುವಿನ ವಿಮಾನ ಎದುರಾದವನು, “ನನಗೆ ಇವತ್ತು ಬೇಗ ಬರಬೇಕು ಮಾರಾಯ,” ಎಂದು ಕೈಸನ್ನೆ ಮಾಡಿದ. ಶತ್ರುವಿಗೆ ಏನು ಅರ್ಥವಾಯಿತೋ, ಅವನೂ ಕೈ ಬೀಸಿ ತಿರುಗಿಕೊಂಡ. ಒಬ್ಬನ ವಿಮಾನ ಮಾತ್ರ ಯಾರದೋ ಹೊಲದಲ್ಲಿ ಬಿತ್ತು. ಮೂರು ದಿನ ನಡೆದುಕೊಂಡು ಬಂದ, ಜೊತೆಗೊಂದು ಆಡು ಹಿಡಿದುಕೊಂಡು. ವಿಮಾನ ಎಲ್ಲಿ ಎಂದರೆ, “ನಾನು ನಿ ಅಂದಿದ್ದೆ ಅಕ್ಕಾ, ವಿ ಅಂದಿರಲಿಲ್ಲ,” ಅಂದ. ಅಂಬಿಗಿತ್ತಿ ಯೋಚಿಸಿ, ವ್ಯಾಕರಣ ಸರಿಯಾಗಿದೆ ಎಂದು ಒಪ್ಪಿದಳು. ಆಡಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಎಂಟು ಸಂಜೆ ಕಳೆದವು. ಆ ಮೂರು ಸಂಜೆ ಆಡಿನವನ ಹೆಸರಿಗೆ ಬಂದಾಗ ಅಂಬಿಗಿತ್ತಿಯೇ, “ಬರ್ತಾನೆ, ಮುಂದಿನ ಹೆಸರು ಕೂಗಿ,” ಎಂದು ಅಡ್ಡಬಾಯಿ ಹಾಕಿದ್ದಳು. ಎಂಟು ಸಂಜೆಯೂ ಸಾಹೇಬರು ‘ಹೋದ’ ಅನ್ನಲಿಲ್ಲ. ಆ ಮಾತು ಗಂಟಲಲ್ಲೇ ಉಳಿದು ಬಿಕ್ಕಳಿಕೆ ಹತ್ತಿತು. ಒಂಬತ್ತನೆಯ ದಿನ ಬಿಕ್ಕುತ್ತಲೇ ರೆಕ್ಕೆಯ ಬಳಿ ಬಂದರು.

“ನೀನು ನನ್ನ ಯುದ್ಧ ಕೆಡಿಸ್ತಿದೀಯ, ತಾಯಿ. ಕಳಿಸಿದವರೆಲ್ಲ ಬರ್ತಿದಾರೆ!”

“ಬರೋದು ಕೆಟ್ಟದ್ದಾ?”

“ಕೆಟ್ಟದ್ದಲ್ಲ. ಆದರೆ ಕ್ರಮ ಅಲ್ಲ.”

ಅಂಬಿಗಿತ್ತಿ ಅವರ ಮುಖವನ್ನೇ ನೋಡಿದಳು. “ಸಾಹೇಬರೇ, ನಿಮಗೆ ಯಾರಾದರೂ ಯಾವತ್ತಾದರೂ ಬರ್ತೀನಿ ಅಂತ ಹೇಳಿದಾರಾ?”

ಸಾಹೇಬರು ನೆನಪು ಮಾಡಿಕೊಂಡರು. ಏಳು ವರ್ಷ ಕಟ್ಟೆಯ ಮೇಲೆ ನಿಂತಿದ್ದರು. ಅವರಿಗೆ ಜನ ವಂದಿಸಿದ್ದರು, ಹೆದರಿದ್ದರು, ಬೆನ್ನ ಹಿಂದೆ ಬೈದಿದ್ದರು. ಇದೊಂದು ಮಾತ್ರ ಇಲ್ಲ. ಬಿಕ್ಕಳಿಕೆ ನಿಂತುಹೋಯಿತು.

“ನಾಳೆ ನನಗೆ ಮೈ ಸರಿಯಿರಲ್ಲ,” ಅಂದಳು ಅಂಬಿಗಿತ್ತಿ. “ನೀರು ನೀವು ಕುಡಿಸಿ.”

“ನಾನಾ?”

“ಕಷ್ಟ ಇಲ್ಲ. ಒಂದು ಗುಟುಕು ನೀರು, ಒಂದು ಪ್ರಶ್ನೆ.”

ಮರುದಿನ ಸಾಹೇಬರು ತಂಬಿಗೆ ಹಿಡಿದು ನಿಂತರು. ಕೈಯಲ್ಲಿ ತಂಬಿಗೆ ಹೇಗೆ ಹಿಡಿಯಬೇಕೆಂದು ತಿಳಿಯದೆ ಬಂದೂಕಿನ ಹಾಗೆ ಹೆಗಲಿಗೆ ಆನಿಸಿಕೊಂಡಿದ್ದರು. ಮೊದಲು ಬಂದವನು ಗಿರಣಿಯ ದಪ್ಪನೆಯವನು. ನೀರು ಕುಡಿದ. ಸಾಹೇಬರು ಗಂಟಲು ಸರಿಮಾಡಿಕೊಂಡು, “ಏ… ಏನಂದೆ?” ಅಂದರು.

“ಬರ್ತೀವಿ, ಸಾರ್.”

ಮೀಸೆ ನಡುಗಿತು. ಎರಡನೆಯವನು ಅಂದ. ಮೂರನೆಯವನು ಅಂದ. ಹದಿನೆಂಟು ಸಲ ಆ ಮಾತು ಕೇಳಿದ ಮೇಲೆ, ‘ಹೋಗಿ’ ಎಂದು ಕೂಗಬೇಕಾದ ಹೊತ್ತಿಗೆ ಸಾಹೇಬರಿಗೆ ದನಿ ಹೊರಡಲಿಲ್ಲ. ಕಾದಾಳುಗಳು ಸ್ವಲ್ಪ ಹೊತ್ತು ಕಾದು, ತಾವೇ ಹಾರಿದರು.

ಆ ದಿನವನ್ನು ಸಾಹೇಬರು ಹೇಗೆ ಕಳೆದರು ಎಂದು ಅಂಬಿಗಿತ್ತಿ ರೆಕ್ಕೆಯ ನೆರಳಿಲ್ಲದ ಖಾಲಿ ಬಿಸಿಲಿನಲ್ಲಿ ಕೂತು ನೋಡಿದಳು. ಗಳಿಗೆಗೊಮ್ಮೆ ಆಚೆ ಬಂದು ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. ಹದ್ದು ಹಾರಿದರೆ, “ಬಂದ್ರು!” ಎಂದು ಓಡಿದರು. ಊಟಕ್ಕೆ ಕೂತು, ಎದ್ದು, ಕೂತು, ಎದ್ದು, ಕೊನೆಗೆ ಎಲೆಯ ಮೇಲಿದ್ದುದನ್ನು ಆಡಿಗೆ ಹಾಕಿದರು. “ಇಷ್ಟು ಹೊತ್ತಾಗುತ್ತಾ, ತಾಯಿ? ಯಾವತ್ತೂ ಇಷ್ಟು ಹೊತ್ತಾಗುತ್ತಾ?” ಎಂದು ಏಳು ಸಲ ಕೇಳಿದರು. ಸಂಜೆ ಮೊದಲ ವಿಮಾನ ಕಂಡಾಗ ಕಟ್ಟೆ ಹತ್ತಲಿಲ್ಲ, ಮೈದಾನದಲ್ಲಿ ಓಡಿದರು. ಹದಿನೆಂಟು ಮಂದಿಯನ್ನೂ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಮರದ ಮರೆಗೆ ನಿಂತು ಮೂಗು ಸೀಟಿಕೊಂಡರು.

ಮಾರನೆಯ ಬೆಳಿಗ್ಗೆ ಸಾಹೇಬರು ತಂಬಿಗೆ ತಂದರು, ಆಕಾಶ ನೋಡಿದರು, “ಇವತ್ತು ಗಾಳಿ ಸರಿಯಿಲ್ಲ,” ಅಂದರು. ಗಾಳಿ ಬೆಣ್ಣೆಯ ಹಾಗಿತ್ತು. ಮರುದಿನ, “ಇವತ್ತು ಮಂಗಳವಾರ.” ಅದರ ಮರುದಿನ, “ಇವತ್ತು ಇಡೀ ದಿನ ರಾಹುಕಾಲ.” ಅದರ ಮರುದಿನ, “ವಿಮಾನಗಳಿಗೆ ದೃಷ್ಟಿ ತಗಲಿದೆ,” ಎಂದು ಒಂದೊಂದಕ್ಕೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದರು. ಮೈದಾನವೆಲ್ಲ ಕೆಮ್ಮಿತು.

ರಾಜಧಾನಿಯಿಂದ ಓಲೆ ಬಂತು: ‘ವಿಮಾನಗಳು ಯುದ್ಧಕ್ಕೆ ಯಾವಾಗ?’

ಸಾಹೇಬರು ಮೂರು ದಿನ ಯೋಚಿಸಿ ಒಂದೇ ಪದದ ಉತ್ತರ ಬರೆದರು: ‘ನೋಡೋಣ.’

ರಾಜ ಮತ್ತೆ ಬರೆಸಿದ: ‘ನೋಡೋಣ ಅಂದರೇನು?’

‘ನೋಡೋಣ ಅಂದರೆ, ನೋಡೋಣ.’

ಈ ಪದದ ಶಕ್ತಿ ಬಲ್ಲವರೇ ಬಲ್ಲರು. ಎಷ್ಟು ಸೇತುವೆ, ಎಷ್ಟು ರಸ್ತೆ, ಎಷ್ಟು ಮದುವೆ ಈ ಒಂದು ಮಾತಿಗೆ ಸಿಕ್ಕಿ ಅಲ್ಲಲ್ಲೇ ನಿಂತಿವೆ. ಒಂದು ಯುದ್ಧ ನಿಂತದ್ದು ಏನು ಹೆಚ್ಚು? ಗುಡ್ಡದ ಆಚೆಗಿನ ಶತ್ರುಗಳು ದಿನವೂ ಬಂದು, ಎದುರಿಗೆ ಯಾರೂ ಇಲ್ಲದೆ ಬೇಸತ್ತು, ಹೊಡೆದಾಡಲು ಇಬ್ಬರಾದರೂ ಬೇಕಲ್ಲ ಎಂದು ತಮ್ಮ ರಾಜನಿಗೆ ದೂರಿದರು. ಅಲ್ಲಿಯೂ ಯಾರೋ ಒಬ್ಬರು ‘ನೋಡೋಣ’ ಅಂದಿರಬೇಕು. ಮಳೆಗಾಲ ಬಂತು, ಮುಗಿಯಿತು. ಯುದ್ಧ ಮುಗಿಯಿತೆಂದು ಯಾರೂ ಸಾರಲಿಲ್ಲ. ಅದನ್ನು ಎಲ್ಲಿಟ್ಟಿದ್ದೇವೆ ಎಂದು ಎಲ್ಲರೂ ಮರೆತರು, ಅಷ್ಟೆ. ಗಿರಣಿಯವನು ಗಿರಣಿಗೆ ಮರಳಿದ. ಆಡು ಎರಡು ಮರಿ ಹಾಕಿತು.

ಒಂದು ಬೆಳಿಗ್ಗೆ ಸಾಹೇಬರು ಅಂಬಿಗಿತ್ತಿಯ ಬಳಿ ಬಂದು, “ನಿನ್ನ ವಿಮಾನ ತಗೋ, ತಾಯಿ. ಎಣ್ಣೆ ತುಂಬಿಸಿದೀನಿ,” ಅಂದರು. ಆಮೇಲೆ ತಂಬಿಗೆ ಮುಂದೆ ಚಾಚಿ, ನಾಚಿಕೊಂಡು, “ಏನಂದೆ?” ಎಂದು ಕೇಳಿದರು.

ಅಂಬಿಗಿತ್ತಿಯ ನಾಲಿಗೆಯ ತುದಿಗೆ ಆ ಮಾತು ಬಂದೇಬಿಟ್ಟಿತ್ತು. ತಡೆದಳು. ಅಂದರೆ ಮತ್ತೆ ಹನ್ನೊಂದು ತಾಸು ಹಾರಿ ಇಲ್ಲಿಗೆ ಬರಬೇಕು, ಮತ್ತೆ ಅಲ್ಲಿ ಅನ್ನಬೇಕು, ಮತ್ತೆ ಇಲ್ಲಿ ಅನ್ನಬೇಕು. ಆಯುಸ್ಸೆಲ್ಲ ಅದರಲ್ಲೇ ಕಳೆದೀತು. ಅನ್ನದಿದ್ದರೆ ಉಳಿಯುವುದು ಮಡಕೆಯಲ್ಲಿ ಮುಳುಗಿಸಿದ ಆ ಇನ್ನೊಂದು ಪದ. ಅದನ್ನು ಈ ಮುಖದ ಎದುರು ಆಡಲು ಅವಳ ನಾಲಿಗೆ ಒಪ್ಪಲಿಲ್ಲ. ನೀರು ಪೂರ್ತಿ ಕುಡಿದಳು, ತಂಬಿಗೆ ಹಿಂದಿರುಗಿಸಿದಳು.

“ಸಾಹೇಬರೇ, ನೀವೇ ಬನ್ನಿ. ನಮ್ಮೂರಿಗೆ. ಒಂದು ಹೊತ್ತು ಊಟಕ್ಕೆ.”

“ಬರ್ತೀನಿ,” ಅಂದರು ಸಾಹೇಬರು. ಅಂದದ್ದೇ ತಡ, ತಾವು ಏನು ಅಂದೆವು ಎಂದು ಹೊಳೆದು ಅಲ್ಲೇ ಕಟ್ಟೆಯ ಮೇಲೆ ಕೂತರು.

ಹನ್ನೊಂದು ತಾಸು ಉಪ್ಪು ಗಾಳಿ, ಹನ್ನೊಂದು ತಾಸು ಕೆಳಗೆ ಉಪ್ಪು ನೀರು. ಊರ ಬಾಗಿಲಲ್ಲಿ ದೊಡ್ಡಮ್ಮ ಪ್ರಶ್ನೆ ಕೇಳಿದಳು, ಉತ್ತರ ಹೊಂದಿತು. ವಿಮಾನಕ್ಕೆ ನಿವಾಳಿಸಲು ತಟ್ಟೆ ಓಕುಳಿ ಸಾಲದೆ ಬಾನಿಗಟ್ಟಲೆ ಕಲಸಿ ಎರಚಿದರು. ಅರ್ಧ ವಿಮಾನಕ್ಕೆ, ಅರ್ಧ ಕಳಿಸುವ ಸಾಹೇಬರ ಬಿಳಿ ಷರಾಯಿಗೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕಳಿಸಲು ಏನೂ ಉಳಿದಿರಲಿಲ್ಲವಾದ್ದರಿಂದ ಬಾವುಟವನ್ನು ಮಡಿಸಿ ರಾಜಧಾನಿಯ ಹಡಗು ಹತ್ತಿದರು. ‘ಬರ್ತೀನಿ’ ಎಂದು ಅವರ ಬಾಯಿಂದ ಹೊರಡಿಸಲು ದೊಡ್ಡಮ್ಮ ಒಂದು ಮಧ್ಯಾಹ್ನ ಹೆಣಗಬೇಕಾಯಿತು. ಅಂಬಿಗಿತ್ತಿ ಮನೆಗೆ ಬಂದು ಎರಡು ದಿನ ಮಲಗಿದಳು, ಮೂರನೆಯ ದಿನ ಎದ್ದು ನಾಲ್ವರ ಊಟ ಮಾಡಿದಳು.

ಇಪ್ಪತ್ತೆರಡನೆಯ ದಿನ ಬಂದರಿನಲ್ಲಿ ಹಡಗು ನಿಂತಿತು. ಈರುಳ್ಳಿ ಮೂಟೆಗಳ ಮೇಲಿಂದ ಇಸ್ಕೊಳ್ಳುವ ಸಾಹೇಬರು ಇಳಿದರು. ಬಗಲಲ್ಲಿ ಒಂದು ಆಡಿನ ಮರಿ, ಕೈಯಲ್ಲಿ ಒಂದು ಪೆಟ್ಟಿಗೆ, ಮೈಯೆಲ್ಲ ಈರುಳ್ಳಿ ವಾಸನೆ. ಅಂಬಿಗಿತ್ತಿ ಸಂಭ್ರಮದಿಂದ ಕಾಲಿಗೆ ನೀರು ಕೊಟ್ಟಳು, ಎಲೆ ಹಾಕಿದಳು, ಹುಗ್ಗಿ ಬಡಿಸಿದಳು. ಸಾಹೇಬರು ಊಟ ಮಾಡಿದರು. ಮಲಗಿದರು. ಎದ್ದು ಊಟ ಮಾಡಿದರು. ಆಡಿನ ಮರಿ ಪಕ್ಕದ ಮನೆಯ ಬಸಳೆ ತಿಂದಿತು.

ಎಂಟು ದಿನವಾಯಿತು, ಹದಿನೈದು ದಿನವಾಯಿತು. ಎರಡು ಹಡಗು ಬಂದು ಸಾಹೇಬರಿಲ್ಲದೆ ಮರಳಿದವು. ಅಂಬಿಗಿತ್ತಿಗೆ ಅವರ ಮೇಲೆ ಪ್ರೀತಿ ಇತ್ತು. ಆದರೆ ಒಂದೇ ಹೊತ್ತಿನ ಊಟ ಅಂದಿದ್ದಳು, ಅಕ್ಕಿ ತಳ ಕಾಣುತ್ತಿತ್ತು. ಹೇಗೆ ಕೇಳುವುದು? ಆ ಊರಿನಲ್ಲಿ ಅದನ್ನು ಕೇಳಲು ಇದ್ದದ್ದು ಒಂದೇ ಪದ. ಕೇರಿಯವರೆಲ್ಲ ಬೆನ್ನ ಹಿಂದೆ ನಿಂತು ಸನ್ನೆ ಮಾಡುತ್ತಿರಲು, ಸೆರಗು ಸರಿಮಾಡಿಕೊಂಡು, ಮರ್ಯಾದೆಯಿಂದಲೇ ಕೇಳಿದಳು.

“ಸಾಹೇಬರೇ, ಯಾವಾಗ ಬರ್ತೀರಿ?”

ಸಾಹೇಬರ ಮುಖ ಅರಳಿತು.

“ಬಂದಿದೀನಲ್ಲ, ತಾಯಿ!”

ಅಂಬಿಗಿತ್ತಿ ಅವರನ್ನು ನೋಡಿದಳು, ಕೇರಿಯವರನ್ನು ನೋಡಿದಳು. ಆಮೇಲೆ ಒಳಗೆ ಬಂದು, ಅಕ್ಕಿಗೆ ಇನ್ನೊಂದು ಲೋಟ ನೀರು ಹೆಚ್ಚಿಗೆ ಹಾಕಿ ಗಂಜಿ ಮಾಡಿದಳು.